ಎಂಟು ದಿನ ತಡವಾದ ಔಷಧ

ಅಕ್ಕತಂಗಿ ಇಬ್ಬರೂ ಒಂದೇ ಆಸ್ಪತ್ರೆಯ ಡಾಕ್ಟರುಗಳು. ಅಕ್ಕ ಕ್ಯಾನ್ಸರಿಗೆ ಔಷಧ ಕೊಡುವವಳು, ತಂಗಿ ಮಿದುಳಿನ ಸರ್ಜನ್. ಅಕ್ಕನ ಹಳೆಯ ರೋಗಿ ಒಬ್ಬ ಟೈಲರ್. ಅವನ ಮಿದುಳಿನ ಗಡ್ಡೆಯನ್ನು ಒಮ್ಮೆ ಕತ್ತರಿಸಿ ತೆಗೆದಿದ್ದರೂ ಅದು ಮತ್ತೆ ಬೆಳೆದಿತ್ತು. ಅದನ್ನು ಕೊಲ್ಲಬಲ್ಲ ಔಷಧ ಅಕ್ಕನ ಬಳಿ ಇತ್ತು. ಆದರೆ ಕಂಡದ್ದೆಲ್ಲ ಮಿದುಳಿಗೆ ನುಗ್ಗದಂತೆ ಅಲ್ಲಿನ ರಕ್ತನಾಳಗಳು ಕಟ್ಟಿಕೊಂಡಿರುವ ತಡೆಗೋಡೆ ಆ ಔಷಧವನ್ನೂ ಒಳಗೆ ಬಿಡುತ್ತಿರಲಿಲ್ಲ.

ದಾರಿ ಮಾಡಿದವಳು ತಂಗಿ. ತಲೆಬುರುಡೆಯಲ್ಲಿ ಸಣ್ಣ ತೂತು ಕೊರೆದು, ಲೇಸರಿನ ತೆಳ್ಳನೆಯ ಎಳೆಯನ್ನು ಗಡ್ಡೆಯೊಳಗೆ ಇಳಿಸಿ, ಬಿಸಿ ಎಲ್ಲಿಯವರೆಗೆ ಹರಡುತ್ತಿದೆಯೆಂದು ಎಂಆರ್‌ಐ ಪರದೆಯ ಮೇಲೆ ನೋಡುತ್ತಲೇ ಗಡ್ಡೆಯನ್ನು ಸುಟ್ಟಳು. ಆ ಶಾಖಕ್ಕೆ ಸುತ್ತಲಿನ ತಡೆಗೋಡೆಯೂ ಸಡಿಲಗೊಂಡಿತು.

ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ ತಂಗಿಯದೇ ಮಾತು. ಅಮ್ಮನೂ ಫೋನ್ ಮಾಡಿದಳು. "ನಿನ್ನ ತಂಗಿ ಏನ್ ಮಾಡಿದಾಳೆ ಗೊತ್ತೇನೇ?"

"ಗೊತ್ತಮ್ಮ. ರೋಗಿ ನನ್ನೋನೇ," ಎಂದಳು ಅಕ್ಕ. ಅಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೂರನೆಯ ದಿನ ತಂಗಿ ಅಕ್ಕನ ಕೋಣೆಗೆ ಬಂದಳು. "ಅಕ್ಕ, ಗೋಡೆ ಸಡಿಲ ಇರೋದು ಕೆಲವೇ ವಾರ. ಔಷಧ ಬೇಗ ಶುರು ಮಾಡ್ತೀಯಲ್ಲ?"

"ನನ್ನ ಕೆಲಸ ನನಗೆ ಹೇಳಿಕೊಡ್ಬೇಡ ಕಣೇ."

ಟೈಲರನ ರಕ್ತಪರೀಕ್ಷೆ ಚೆನ್ನಾಗಿಯೇ ಇತ್ತು. ಆದರೂ ಅಕ್ಕ, "ರಕ್ತ ಸ್ವಲ್ಪ ಸುಧಾರಿಸ್ಲಿ, ಮುಂದಿನ ವಾರ ನೋಡೋಣ," ಎಂದು ಕಳಿಸಿಬಿಟ್ಟಳು. ಎರಡು ವರ್ಷ ಅವನನ್ನು ಜೋಪಾನ ಮಾಡಿದವಳು ತಾನು. ಅರ್ಧ ದಿನದ ಕೆಲಸಕ್ಕೆ ಹೆಸರೆಲ್ಲ ತಂಗಿಗೆ. ಕ್ಯಾಂಟೀನಿನಲ್ಲಿ ಅವಳ ನಗು ಕೇಳಿದರೂ ಸಾಕು, ಅಕ್ಕ ತಟ್ಟೆ ಬಿಟ್ಟು ಏಳುತ್ತಿದ್ದಳು.

ಎಂಟು ದಿನ ಕಳೆದ ಮೇಲೆ ಟೈಲರನ ಹೆಂಡತಿ ಒಬ್ಬಳೇ ಬಂದಳು. "ಡಾಕ್ಟ್ರೇ, ಗೋಡೆ ಮತ್ತೆ ಗಟ್ಟಿಯಾಗ್ಬಿಡುತ್ತಂತೆ. ಔಷಧ ಇನ್ನೂ ಶುರುವಾಗಿಲ್ಲ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

ಅಕ್ಕನ ಮುಖ ಸಪ್ಪಗಾಯಿತು. ನೆಟ್ಟಗೆ ತಂಗಿಯ ಕೋಣೆಗೆ ಹೋದಳು. "ಟೈಲರನ ರಕ್ತದ ರಿಪೋರ್ಟ್ ಸರಿಯಾಗೇ ಇತ್ತು. ನಿನ್ನ ಮೇಲೆ ಹೊಟ್ಟೆ ಉರೀತಿತ್ತು. ಅದಕ್ಕೇ ತಡ ಮಾಡ್ದೆ."

ತಂಗಿ, "ಇದನ್ನ ನನಗಲ್ಲ, ಅವರಿಗೆ ಹೇಳು," ಎಂದು ಮುಖ ತಿರುಗಿಸಿದಳು.

ಅಂದೇ ಮಧ್ಯಾಹ್ನ ಟೈಲರನನ್ನು ಕರೆಸಿ ಅಕ್ಕ ಎಲ್ಲವನ್ನೂ ಹೇಳಿದಳು. ಅವನು ಅವಳನ್ನೇ ದಿಟ್ಟಿಸಿದ. "ಇನ್ನೆಷ್ಟು ದಿನ ಉಳಿದಿದೆ?"

"ಎರಡು ಮೂರು ವಾರ ಇರ್ಬಹುದು."

"ಹಾಗಾದ್ರೆ ಮಾತಲ್ಲಿ ಯಾಕೆ ಕಳೀತೀರಿ? ಸೂಜಿ ಚುಚ್ಚಿ," ಎಂದು ಅಂಗಿಯ ತೋಳು ಮಡಚಿ ಕೈ ಚಾಚಿದ.

ಎರಡು ತಿಂಗಳ ನಂತರದ ಸ್ಕ್ಯಾನಿನಲ್ಲಿ, ಲೇಸರ್ ಮುಟ್ಟದೆ ಬಿಟ್ಟಿದ್ದ ಗಡ್ಡೆಯ ಅಂಚು ಕೂಡ ಕುಗ್ಗಿತ್ತು. ಆ ಎಂಟು ದಿನ ಸಿಕ್ಕಿದ್ದರೆ ಇನ್ನೆಷ್ಟು ಕುಗ್ಗುತ್ತಿತ್ತೋ ಯಾರೂ ಹೇಳುವಂತಿರಲಿಲ್ಲ. ಟೈಲರನ ಹೆಂಡತಿ ತಂಗಿಯ ಎರಡೂ ಕೈ ಹಿಡಿದು ಅತ್ತಳು. ಪಕ್ಕದಲ್ಲೇ ನಿಂತಿದ್ದ ಅಕ್ಕನಿಗೆ ಮತ್ತೆ ಒಳಗೆಲ್ಲೋ ಚುಚ್ಚಿತು. ಅವಳು ಮುಂದಿನ ಡೋಸಿನ ಚೀಟಿಯನ್ನು ನಿಂತಲ್ಲೇ ಬರೆದು ನರ್ಸ್ ಕೈಗೆ ಕೊಟ್ಟಳು.