ಗೊಬ್ಬರ ಹೊತ್ತ ಗಾಡಿ

"ತಗಡು! ಬರೀ ತಗಡು! ಅದಕ್ಕೆ ಏಳು ವರ್ಷ ಕಂತು ಕಟ್ತೀಯಾ? ತಲೆ ಸರಿ ಇದ್ಯಾ ನಿಂಗೆ?"

"ತಲೆ ಸರಿ ಇರೋದಕ್ಕೇ ಹೊಸದು ಬೇಕು ಅಂತಿರೋದು."

"ಬಾಗಿಲು ಹಾಕಿದ್ರೆ ಅವಲಕ್ಕಿ ಡಬ್ಬಿ ಮುಚ್ಚಿದ ಹಾಗೆ ಶಬ್ದ ಬರ್ತದೆ. ಅದನ್ನ ಕಾರು ಅಂತಾರಾ?"

"ಡಬ್ಬಿನೇ ಆಗ್ಲಿ ಅಪ್ಪ. ಅದ್ರಲ್ಲಿ ಯಾರೂ ಗೊಬ್ಬರ ಹೊತ್ತಿಲ್ಲ."

ಪುಟ್ಟಸ್ವಾಮಿ ಕೈಯಲ್ಲಿದ್ದ ಸ್ಪ್ಯಾನರನ್ನು ಗ್ಯಾರೇಜಿನ ಬೆಂಚಿನ ಮೇಲೆ ಬಿಸಾಡಿದ. ಅದು ಪುಟಿದು ನೆಲಕ್ಕೆ ಬಿತ್ತು. ಸ್ವಾತಿ ಬಗ್ಗಿ ಎತ್ತಿ ಬೆಂಚಿನ ಮೇಲಿಟ್ಟಳು. ಎಡಗೈಯಲ್ಲಿ ಎತ್ತಿದಳು. ಬಲ ಮಣಿಕಟ್ಟು ಮುರಿದು ಕೂಡಿದ್ದು ಸೊಟ್ಟಗೇ ಕೂಡಿತ್ತು.

ಅವಳು ಕಳಸದಿಂದ ಹದಿನಾಲ್ಕು ಕಿಲೋಮೀಟರ್ ಆಚೆಯ ಉಪಕೇಂದ್ರದಲ್ಲಿ ನರ್ಸು. ದಿನಾ ಸ್ಕೂಟರಿನಲ್ಲಿ ಓಡಾಟ. ಕಳೆದ ಮಳೆಗಾಲದಲ್ಲಿ ಎರಡು ಸಲ ಬಿದ್ದಿದ್ದಳು. ಎರಡನೇ ಸಲ ಬಿದ್ದಾಗ ಲಸಿಕೆಯ ಪೆಟ್ಟಿಗೆ ಚರಂಡಿಗೆ ಹೋಗಿತ್ತು, ಕೈ ಮುರಿದಿತ್ತು, ಅರ್ಧ ಗಂಟೆ ಆ ರಸ್ತೆಯಲ್ಲಿ ಒಬ್ಬರೂ ಬಂದಿರಲಿಲ್ಲ. ಈ ಮಳೆಗಾಲಕ್ಕೆ ಮುಂಚೆ ಕಾರು ತಗೊಳ್ಳಲೇಬೇಕು ಅಂತ ಅವಳ ಹಟ. ಅದಕ್ಕೆ ಪುಟ್ಟಸ್ವಾಮಿಯದೂ ಒಪ್ಪಿಗೆ. ಹೊಸದೋ ಹಳೆಯದೋ ಅನ್ನುವುದರಲ್ಲಿ ಜಗಳ.

ಗುರುವಾರ ಇಬ್ಬರೂ ಚಿಕ್ಕಮಗಳೂರಿಗೆ ಹೋಗಿ ಶೋರೂಮಿನಲ್ಲಿ ಹೊಸದನ್ನು ನೋಡಿ ಬಂದಿದ್ದರು. ಅತಿ ಕಡಿಮೆ ಬೆಲೆಯ ಮಾಡೆಲ್ಲು. ಟೈ ಕಟ್ಟಿದ ಹುಡುಗಿ ಮೈಲೇಜು, ಏರ್‌ಬ್ಯಾಗು ಅಂತ ಹೇಳುತ್ತಲೇ ಇದ್ದಳು. ಪುಟ್ಟಸ್ವಾಮಿ ಒಂದಕ್ಕೂ ಉತ್ತರ ಕೊಡದೆ ಡಿಕ್ಕಿ ತೆಗೆದು ಸ್ಟೆಪ್ನಿಯನ್ನು ಗೇಣಿನಲ್ಲಿ ಅಳೆದ. ಉಳಿದ ನಾಲ್ಕು ಚಕ್ರಕ್ಕಿಂತ ಅದು ಸಣ್ಣದಿತ್ತು. "ಐದನೆಯವನು ಮಲಮಗನಾ?" ಅಂತ ಕೇಳಿದ. ಹುಡುಗಿಗೆ ಅರ್ಥವಾಗಲಿಲ್ಲ. ಟೆಸ್ಟ್ ಡ್ರೈವ್ ಅಂತ ಅವಳು ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹಾಕಿಸಲು ಹೊರಟರೆ, ಇವನು ಗಿರಿಯ ರಸ್ತೆಗೆ ತಿರುಗಿಸಿ ಮೊದಲ ಏರಿನ ನಡುವೆ ನಿಲ್ಲಿಸಿ, ಏಸಿ ಹಾಕಿ, ಕ್ಲಚ್ಚು ಬಿಟ್ಟ. ಗಾಡಿ ಹಿಂದಕ್ಕೆ ಜಾರಲಿಲ್ಲ, ಸ್ವಲ್ಪ ನರಳಿ ಏರಿತು. ಅದು ಅವನಿಗೆ ಹಿಡಿಸಿತ್ತು. ಹಿಡಿಸಿದ್ದನ್ನು ಹೇಳಲಿಲ್ಲ.

ಹೇಳದೇ ಇರಲು ಕಾರಣ ಕಾಫಿ ಎಸ್ಟೇಟಿನ ಸಾವ್ಕಾರ ಬಸವರಾಜಪ್ಪನವರ ಫೋನು. ಅವರ ಮನೆಯಲ್ಲಿ ಅದೇ ಮಾಡೆಲ್ಲಿನ ಗಾಡಿ ಇತ್ತು, ಐದು ವರ್ಷದ್ದು, ಸೊಸೆ ಪೇಟೆಗೆ ಹೋಗಿಬರಲು ಇಟ್ಟುಕೊಂಡಿದ್ದು, ಮೂವತ್ತು ಸಾವಿರ ಕಿಲೋಮೀಟರ್ ಕೂಡ ಓಡಿರಲಿಲ್ಲ. "ನಿನ್ನ ಮಗಳಿಗಾದ್ರೆ ಅರ್ಧಕ್ಕೇ ಕೊಡ್ತೀನಿ ಪುಟ್ಟಸ್ವಾಮಿ, ಹೊರಗಿನೋರಿಗೆ ಹೇಳಿಲ್ಲ" ಅಂದಿದ್ದರು. ಬಸವರಾಜಪ್ಪನವರ ಮಾತನ್ನು ಪುಟ್ಟಸ್ವಾಮಿ ತೆಗೆದುಹಾಕುವಂತಿರಲಿಲ್ಲ. ಕುದುರೆಮುಖದ ಕಂಪನಿ ಮುಚ್ಚಿ ಅಲ್ಲಿನ ವಾಹನ ಶೆಡ್ಡಿನಿಂದ ಇವನು ಬರಿಗೈಯಲ್ಲಿ ಬಂದಾಗ ಎಸ್ಟೇಟಿನ ಟ್ರ್ಯಾಕ್ಟರ್ ಶೆಡ್ಡಿಗೆ ಹಾಕಿಕೊಂಡವರು ಅವರು. ಈಗ ಗ್ಯಾರೇಜು ನಿಂತಿರುವ ರಸ್ತೆ ಬದಿಯ ಜಾಗವೂ ಅವರದೇ.

"ಸರಿ, ಅವರ ಗಾಡಿ ನೋಡೋಕೆ ಬರ್ತೀನಿ," ಅಂದಳು ಸ್ವಾತಿ, ಜಗಳ ಸಾಕಾಗಿ. "ಆದ್ರೆ ಸರಿಯಾಗಿ ನೋಡ್ಬೇಕು ನೀನು. ಬಾನೆಟ್ ಎತ್ತಿ, ಕಾರ್ಪೆಟ್ ಎತ್ತಿ, ಕೆಳಗೆ ಮಲಗಿ, ತಟ್ಟಿ. ಹೋದ ಸಲ ಅವರ ಗಾಡೀಲಿ ನಿನ್ನ ಕಣ್ಣಿಗೂ ಬೀಳದೆ ತುಕ್ಕು ಇತ್ತಲ್ಲ. ಈ ಸಲ ಎರಡರಷ್ಟು ನೋಡು."

"ಸಾವ್ಕಾರ್ರ ಅಂಗಳದಲ್ಲಿ ಅವರದೇ ಗಾಡಿ ಅಡಿಗೆ ನುಗ್ಗಲಾ? ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅವರ ಮುಖಕ್ಕೆ ಹೇಳಿದ ಹಾಗೆ!"

"ಹಾಗಾದ್ರೆ ಹೊಸದು." ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು. "ಉಮೇಶ ಮಾವನಿಗೂ ಬರೋಕೆ ಹೇಳಿದೀನಿ. ಅಮ್ಮ ಹೇಳಿದ್ಲು, ಸೋದರಮಾವನೇ ಮೊದ್ಲು ಸ್ಟೇರಿಂಗ್ ಮುಟ್ಬೇಕಂತೆ."

ಪುಟ್ಟಸ್ವಾಮಿ ಮತ್ತೆ ಕೂಗಾಡುತ್ತಾನೆಂದು ಅವಳು ಕಾದಳು. ಅವನು ಬೆಂಚಿನ ಕಡೆ ತಿರುಗಿ ಆ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸತೊಡಗಿದ. ಒರೆಸುತ್ತಲೇ ಇದ್ದ.

ಕಳಸದ ಸುತ್ತ ಯಾರು ಹಳೇ ಗಾಡಿ ಕೊಳ್ಳುವುದಾದರೂ ಪುಟ್ಟಸ್ವಾಮಿಯನ್ನು ಕರೆದುಕೊಂಡು ಹೋಗುವುದು ರೂಢಿ. ಅವನು ಅದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ದುಡ್ಡು ತಗೊಂಡರೆ ನಾಲಿಗೆ ಹೊರಳುತ್ತದೆ ಅನ್ನುತ್ತಿದ್ದ. ಒಂದು ಹೊತ್ತಿನ ತಿಂಡಿ, ಎಲೆ ಅಡಿಕೆ, ಅಷ್ಟೆ. ಕಾರ್ಪೆಟ್ ಎತ್ತಿ ಮೂಸುತ್ತಿದ್ದ. ಮರದ ಹಿಡಿಯ ಒಂದು ಸ್ಕ್ರೂಡ್ರೈವರಿನ ಬೆನ್ನಿನಿಂದ ಅಡಿಯ ತಗಡನ್ನು ಮೊಳ ಮೊಳಕ್ಕೂ ತಟ್ಟುತ್ತಿದ್ದ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ದಬ್ ಅನ್ನುತ್ತದೆ. ಬೇಡ ಅಂದರೆ ಬೇಡ. ಮಾರುವವನ ಎದುರಿಗೇ ಅನ್ನುತ್ತಿದ್ದ. ಇದರಿಂದ ಅವನಿಗೆ ಶತ್ರುಗಳೂ ಇದ್ದರು.

ಒಂದೇ ಒಂದು ಗಾಡಿಯನ್ನು ಅವನು ನೋಡದೆ ಒಪ್ಪಿಸಿದ್ದ.

ಐದು ವರ್ಷದ ಹಿಂದೆ ಬಸವರಾಜಪ್ಪನವರು ಹಳೆಯ ಸಣ್ಣ ಕಾರನ್ನು ಮಾರಿದರು. ಉಮೇಶ, ಪುಟ್ಟಸ್ವಾಮಿಯ ಹೆಂಡತಿ ಕೃಷ್ಣಮ್ಮನ ತಮ್ಮ, ಅದನ್ನು ತಗೊಳ್ಳುವುದೆಂದಾಯಿತು. ಆ ಗಾಡಿಯ ಹಿಂದಿನ ಸೀಟು ಮಡಚಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಎರಡು ಮಳೆಗಾಲ ಗೊಬ್ಬರದ ಚೀಲ ಸಾಗಿಸಿದ್ದನ್ನು ಪುಟ್ಟಸ್ವಾಮಿ ಕಣ್ಣಾರೆ ಕಂಡಿದ್ದ. ಒದ್ದೆ ಗೊಬ್ಬರ ಕಬ್ಬಿಣವನ್ನು ಏನು ಮಾಡುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಬೆಳಿಗ್ಗೆ ಉಮೇಶ ಕಾಗದಪತ್ರಕ್ಕೆಂದು ಪೇಟೆಗೆ ಹೋಗಿದ್ದ. ಬಸವರಾಜಪ್ಪನವರು ಜಗಲಿಯಲ್ಲಿ ಕಾಫಿ ಕೊಟ್ಟು, "ನೋಡ್ಕೋ ಪುಟ್ಟಸ್ವಾಮಿ" ಅಂದರು. ಸ್ಕ್ರೂಡ್ರೈವರು ಜೇಬಿನಲ್ಲೇ ಇತ್ತು. "ನಿಮ್ಮ ಮನೆ ಗಾಡಿ ನೋಡೋದೆಂತ ಸಾವ್ಕಾರ್ರೆ" ಅಂದುಬಿಟ್ಟ. ಅನ್ನ ಹಾಕಿದವರ ಬಾನೆಟ್ಟು ಎತ್ತುವುದು ಹೇಗೆ? ಸಂಜೆ ಉಮೇಶನಿಗೆ, "ಎಲ್ಲ ತಟ್ಟಿ ನೋಡಿದೀನಿ. ಕಣ್ಣು ಮುಚ್ಚಿ ತಗೋ" ಅಂದ.

ಹನ್ನೊಂದು ತಿಂಗಳಿಗೆ ಕುದುರೆಮುಖದ ರಸ್ತೆಯ ತಿರುವಿನಲ್ಲಿ ಹಿಂದಿನ ಆಕ್ಸಲ್ಲು ಹಿಡಿದಿದ್ದ ಕಬ್ಬಿಣ ಕಿತ್ತು ಬಂತು. ಉಮೇಶನ ಮೊಣಕಾಲು ಚೂರಾಯಿತು. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ರೇವತಿ ಜೀವಂತ ಆಸ್ಪತ್ರೆ ಮುಟ್ಟಲಿಲ್ಲ. ಗಾಡಿಯನ್ನು ಪುಟ್ಟಸ್ವಾಮಿಯೇ ಎಳೆದು ತಂದ. ಕಾರ್ಪೆಟ್ ಎತ್ತಿ ಹೆಬ್ಬೆರಳು ಒತ್ತಿದರೆ ಬೆರಳು ಅಡಿಯ ತಗಡಿನಾಚೆ ಹೋಯಿತು. ಯಾರೂ ನೋಡುವ ಮೊದಲು, ಒಂದೇ ದಿನದಲ್ಲಿ, ಗ್ಯಾಸ್ ಕಟರಿನಿಂದ ಕತ್ತರಿಸಿ ಗುಜರಿಗೆ ಕಳಿಸಿದ. ಉಮೇಶನ ಹಾಸಿಗೆಯ ಪಕ್ಕ ಕೂತು, "ಒಳಗಿನ ತುಕ್ಕು ಮಾರಾಯ. ದೇವರು ಬಂದು ತಟ್ಟಿದ್ರೂ ಗೊತ್ತಾಗ್ತಿರ್ಲಿಲ್ಲ" ಅಂದ.

ಉಮೇಶ ನಂಬಿದ. ನಂಬಿದ್ದಕ್ಕೇ ಭಾನುವಾರ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಯಾರಾದರೂ ಆ ಮಾತೆತ್ತಿದರೆ, "ಭಾವ ತಟ್ಟಿ ನೋಡಿದ್ದೇ. ನಮ್ಮ ಹಣೆಬರಹ" ಅಂತ ತಾನೇ ಮಾತು ಮುಗಿಸುತ್ತಿದ್ದ. ಆಗೆಲ್ಲ ಪುಟ್ಟಸ್ವಾಮಿ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಎಸ್ಟೇಟಿಗೆ ಹೋದಾಗ ಉಮೇಶ ಗೇಟಿನ ಹತ್ತಿರದ ಮೋರಿಕಟ್ಟೆಯ ಮೇಲೆ ಕಾದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಅರಿಶಿನ ಕುಂಕುಮದ ಪೊಟ್ಟಣ, ನಾಲ್ಕು ನಿಂಬೆಹಣ್ಣು.

"ಎಂತ ಸಿಸ್ಟರಮ್ಮ," ಅಂದ ಸ್ವಾತಿಗೆ, "ಗಾಡಿಗೆ ಮೊದ್ಲು ಪೂಜೆಯಾ, ಇಂಜೆಕ್ಷನ್ನಾ?"

"ಮೊದ್ಲು ಚೆಕಪ್ಪು ಮಾವ. ಡಾಕ್ಟ್ರನ್ನ ಕರ್ಕೊಂಡೇ ಬಂದಿದೀನಿ."

ಉಮೇಶ ನಕ್ಕ. ಮಡಚಲಾಗದ ಎಡಗಾಲನ್ನು ಎಳೆದುಕೊಂಡು ಅವರ ಜೊತೆ ನಡೆದ. ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ಮೂರು ಜನ ಹೆಂಗಸರು ಮರದ ಹಲುಬೆಯಿಂದ ಅದನ್ನು ಎಳೆದು ತಿರುವುತ್ತಿದ್ದರು. ಬಳಸು ದಾರಿಯಾದರೂ ಉಮೇಶ ಕಣದ ಅಂಚಿನಲ್ಲೇ ಬಂದ. ಬೆಳೆ ತುಳಿಯುವ ಮನುಷ್ಯನಲ್ಲ ಅವನು.

ಕಾರು ಪೋರ್ಟಿಕೋದಲ್ಲಿ ತೊಳೆದು ನಿಲ್ಲಿಸಿತ್ತು. ಬಸವರಾಜಪ್ಪನವರು ಜಗಲಿಯ ಕುರ್ಚಿಯಲ್ಲಿದ್ದರು. ಕಾಫಿ ಬಂತು. ಅದೇ ಲೋಟಗಳು. ಉಮೇಶನ ಕಾಲಿನ ಬಗ್ಗೆ ಅವರು ವಿಚಾರಿಸಿದರು, ಸ್ವಾತಿಯ ಕೈಯನ್ನು ನೋಡಿ ತಲೆಯಾಡಿಸಿದರು. ಆಮೇಲೆ ಕೀ ಎತ್ತಿ ಮೇಜಿನ ಮೇಲಿಟ್ಟು ಅಂದರು:

"ನೋಡ್ಕೋ ಪುಟ್ಟಸ್ವಾಮಿ."

ಪುಟ್ಟಸ್ವಾಮಿ ಲೋಟ ಹಿಡಿದು ನಿಂತೇ ಇದ್ದ. ತಟ್ಟದೆ ಹೋದರೆ ಮಗಳು ಆ ರಸ್ತೆಯಲ್ಲಿ ಈ ಗಾಡಿಯಲ್ಲಿ ಹೋಗುತ್ತಾಳೆ. ತಟ್ಟಿದರೆ, ಹೇಗೆ ತಟ್ಟುವುದು, ಏನು ಕಾಣುವುದು, ಎಲ್ಲವನ್ನೂ ಉಮೇಶ ಪಕ್ಕದಲ್ಲೇ ನಿಂತು ನೋಡುತ್ತಾನೆ. "ಉಮೇಶಾ, ನೀನು ಬಿಸಿಲಲ್ಲಿ ಎಂತಕ್ಕೆ, ಮೇಲೆ ಕೂತ್ಕೋ" ಅಂದ.

"ಬಿಸಿಲೆಲ್ಲಿ ಭಾವ, ನೆರಳೇ ಇದೆಯಲ್ಲ. ಟಾರ್ಚು ಹಿಡೀತೀನಿ ಕೊಡಿ."

ಸ್ವಾತಿ ಅಪ್ಪನನ್ನೇ ನೋಡುತ್ತಿದ್ದಳು. ಸೊಟ್ಟ ಕೈಯಿಂದ ಹಣೆಯ ಕೂದಲು ಸರಿಸಿದಳು. ಪುಟ್ಟಸ್ವಾಮಿ ಲೋಟವನ್ನು ಕುಡಿಯದೆ ಕೆಳಗಿಟ್ಟ. ಒಂದು ಗೋಣಿಚೀಲ ಹಾಸಿದ. ಮಲಗಿ ಗಾಡಿಯ ಅಡಿಗೆ ಸರಿದ.

ಟಣ್. ಟಣ್. ಒಂದು ಮೊಳ ಸರಿದು ಮತ್ತೆ ಟಣ್. ಉಮೇಶ ಕಾಲು ನೀಡಿಕೊಂಡು ನೆಲಕ್ಕೆ ಕೂತು, ಬಗ್ಗಿ ಟಾರ್ಚು ಬಿಟ್ಟ. ಅಡಿಯ ತಗಡಿನ ಮೇಲೆ ಕಂಪನಿಯ ಬಣ್ಣ ಹಾಗೆಯೇ ಇತ್ತು. ಹಿಂದಿನ ಚಕ್ರಗಳ ನಡುವೆ ಆಕ್ಸಲ್ಲು ಕೂರುವ ಜಾಗಕ್ಕೆ ಬಂದಾಗ ಪುಟ್ಟಸ್ವಾಮಿಯ ಕೈ ತಡೆಯಿತು. ಆಮೇಲೆ ಜೋರಾಗಿ ತಟ್ಟಿದ. ಎರಡು ಕಡೆಯೂ ಗಟ್ಟಿ.

"ಭಾವ," ಅಂದ ಉಮೇಶ, "ಇದೇ ಅಲ್ವಾ ಅವತ್ತು ಕಿತ್ತು ಬಂದದ್ದು?"

"ಹೂಂ."

"ಇಲ್ಲಿಂದ ಚೆನ್ನಾಗಿ ಕಾಣ್ತದಲ್ಲ."

"ಹೊರಗೆ ಕಾಣ್ತದೆ. ಅದು ಒಳಗಿನ ತುಕ್ಕು ಅಂತ ಹೇಳಿದೀನಲ್ಲ." ದನಿ ಏರಿತ್ತು. "ಟಾರ್ಚು ಅಲ್ಲಾಡಿಸ್ಬೇಡ ಮಾರಾಯ!" ಮತ್ತೆ ತಟ್ಟಿದ. ತಟ್ಟಿದ ಕಡೆಯೇ ಮತ್ತೆ ಮತ್ತೆ ತಟ್ಟಿದ.

ಜಗಲಿಯ ಮೇಲೆ ಕುರ್ಚಿ ಕಿರುಗುಟ್ಟಿತು. ಬಸವರಾಜಪ್ಪನವರ ಚಪ್ಪಲಿ ಮೆಟ್ಟಿಲಿಳಿದು ಬಂತು.

"ಸಾಕೋ ಪುಟ್ಟಸ್ವಾಮಿ. ಆಳುಕಾಳು ನೋಡ್ತಾ ಇದಾವೆ. ನನ್ನ ಮನೆ ಗಾಡಿಗೆ ಸುತ್ತಿಗೆ ಏಟು ಹಾಕ್ತಾ ಇದೀಯಲ್ಲ."

"ಮಗಳು ಓಡಿಸೋದು ಸಾವ್ಕಾರ್ರೆ. ಅದಕ್ಕೆ."

"ಮಗಳಿಗಾದ್ರೆ ಗಾಡಿ ಅಡಿಗೆ ನುಗ್ತೀಯ." ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. "ಆ ಗಾಡಿ ವಿಷಯಕ್ಕೆ ಊರೆಲ್ಲ ನನ್ನ ಹೆಸರು ಹೇಳ್ತು. ಕೇಳಿಸ್ಕೊಂಡು ಸುಮ್ಮನಿದ್ದೆ. ನೋಡ್ಕೋ ಅಂತ ಅವತ್ತೂ ಇದೇ ಜಾಗದಲ್ಲಿ ಹೇಳಿದ್ದೆನಪ್ಪ. ಬಾನೆಟ್ಟು ಕೂಡ ಎತ್ತದೆ ಕಾಫಿ ಕುಡಿದು ಹೋದವನು ನೀನು."

ತಟ್ಟುವ ಕೈ ನಿಂತಿತು.

ಗಾಡಿಯ ಅಡಿಯಿಂದ ಪುಟ್ಟಸ್ವಾಮಿಗೆ ಕಾಲುಗಳು ಮಾತ್ರ ಕಾಣುತ್ತಿದ್ದವು. ಬಸವರಾಜಪ್ಪನವರ ತೊಗಲಿನ ಚಪ್ಪಲಿ. ಸ್ವಾತಿಯ ಬಿಳಿ ಶೂ. ನೆಲದ ಮೇಲೆ ನೀಡಿದ ಉಮೇಶನ ಕಾಲು. ಟಾರ್ಚಿನ ಬೆಳಕು ಆಕ್ಸಲ್ಲಿನಿಂದ ಮೆಲ್ಲಗೆ ಇಳಿದು ಅವನ ಮುಖದ ಮೇಲೆ ಬಂದು ನಿಂತಿತು. ಅವನು ಕಣ್ಣು ಮುಚ್ಚಿದ.

"ಭಾವ." ಉಮೇಶ ಕೇಳಿದ. "ನೋಡ್ಲೇ ಇಲ್ವಾ?"

ಪುಟ್ಟಸ್ವಾಮಿಗೆ ಸಿಟ್ಟು ಬರಬೇಕಿತ್ತು. ಅವನಿಗೆ ಎಲ್ಲದಕ್ಕೂ ಬರುವುದು ಅದೇ. ಬಾಯಿ ತೆರೆದ. ಅವತ್ತಿನ ಕಾಫಿಯ ಪಸೆ ಇನ್ನೂ ನಾಲಿಗೆಯ ಮೇಲಿರುವ ಹಾಗೆ ಬಾಯೆಲ್ಲ ಕಹಿಯಾಗಿತ್ತು. ಸ್ಕ್ರೂಡ್ರೈವರನ್ನು ಎದೆಯ ಮೇಲೆ ಇಟ್ಟುಕೊಂಡ.

"ಗೊಬ್ಬರ ಹೊತ್ತ ಗಾಡಿ ಅಂತ ರೇವತಿ ಹೇಳಿದ್ಲು," ಅಂದ ಉಮೇಶ. "ಬೇಡ ಅಂದಿದ್ಲು. ನಾನೇ ಬೈದೆ. ಭಾವ ತಟ್ಟಿ ನೋಡಿದಾರೆ, ನಿಂಗೆಂತ ಗೊತ್ತು ಅಂತ."

ಟಾರ್ಚು ನೆಲದ ಮೇಲೆ ಕೂತಿತು. ಉಮೇಶ ಚಕ್ರ ಹಿಡಿದುಕೊಂಡು ಎದ್ದದ್ದು ಗಾಡಿಯ ಅಲುಗಾಟದಿಂದ ಗೊತ್ತಾಯಿತು. ಒಂದು ಕಾಲು ಹೆಜ್ಜೆ ಇಟ್ಟಿತು, ಇನ್ನೊಂದು ಎಳೆದುಕೊಂಡು ಹೋಯಿತು.

"ಮಾವಾ!" ಸ್ವಾತಿಯ ಬಿಳಿ ಶೂ ನಾಲ್ಕು ಹೆಜ್ಜೆ ಓಡಿತು. "ಮಾವಾ, ನಿಲ್ಲಿ!" ಅಲ್ಲಿಗೇ ನಿಂತಿತು.

ಪುಟ್ಟಸ್ವಾಮಿ ಹೊರಗೆ ಸರಿದು ಎದ್ದು ನಿಲ್ಲುವಷ್ಟರಲ್ಲಿ ಉಮೇಶ ಕಣದ ನಡುವೆ ಇದ್ದ. ಅಂಚು ಬಳಸದೆ ಹರಡಿದ ಕಾಫಿಯ ಮೇಲೆ ನೇರ ನಡೆದಿದ್ದ. ಹೆಂಗಸರು ಹಲುಬೆ ಹಿಡಿದು ನಿಂತು ನೋಡುತ್ತಿದ್ದರು, ಯಾರೂ ಬೈಯಲಿಲ್ಲ. ಅವನು ಗೇಟು ದಾಟಿದ, ಮೋರಿಕಟ್ಟೆ ದಾಟಿದ, ತಿರುವಿನಲ್ಲಿ ಸಿಲ್ವರ್ ಓಕ್ ಮರಗಳ ಹಿಂದೆ ಬಿಳಿ ಅಂಗಿ ಒಂದು ಸಲ ಕಂಡು ಮರೆಯಾಯಿತು.

ಬಸವರಾಜಪ್ಪನವರು ಕರೆದುತರಲು ಆಳನ್ನು ಓಡಿಸಿದರು. ಅವನು ಒಬ್ಬನೇ ಮರಳಿ ಬಂದು, "ಬರಲ್ಲ ಅಂದ್ರು" ಅಂದ. ನಿಂಬೆಹಣ್ಣು, ಪೊಟ್ಟಣ ಜಗಲಿಯ ಮೆಟ್ಟಿಲ ಮೇಲೇ ಇದ್ದವು. ಹನ್ನೆರಡು ಗಂಟೆಯ ಬಸ್ಸು ಕೆಳಗಿನ ರಸ್ತೆಯಲ್ಲಿ ಹಾರ್ನ್ ಮಾಡಿಕೊಂಡು ಹೋಯಿತು. ಅದರಲ್ಲಿ ಉಮೇಶನಿದ್ದನೋ, ನಡೆದೇ ಹೋದನೋ.

"ಅಪ್ಪ," ಅಂದಳು ಸ್ವಾತಿ. ಅವಳು ಅಪ್ಪನ ಮುಖ ನೋಡುತ್ತಿರಲಿಲ್ಲ. "ಗಾಡಿ ಹೇಗಿದೆ?"

"ಚೆನ್ನಾಗಿದೆ," ಅಂದ ಪುಟ್ಟಸ್ವಾಮಿ. "ಗಟ್ಟಿ ಇದೆ."

ಗಾಡಿಯ ಅಡಿಯಲ್ಲಿ ಟಾರ್ಚು ಹಗಲಲ್ಲೇ ಉರಿಯುತ್ತಿತ್ತು. ಕಣದಲ್ಲಿ ಒಂದು ಕಾಲಿನ ಗುರುತುಗಳು, ಅವುಗಳ ಪಕ್ಕದಲ್ಲಿ ಉದ್ದಕ್ಕೆ ಎಳೆದ ಒಂದು ಗೆರೆ. ಹೆಂಗಸರಲ್ಲಿ ಒಬ್ಬಳು ಜಗಲಿಯ ಕಡೆ ನೋಡಿದಳು, ಸ್ವಲ್ಪ ಹೊತ್ತು ಕಾದಳು, ಆಮೇಲೆ ಹಲುಬೆಯನ್ನು ಅದರ ಮೇಲೆ ಎಳೆದಳು.