ಔಲಿಸನ ಅಣಬೆಯ ಜಾಗ

ಫಿನ್ಲೆಂಡಿನ ಕೂಹ್ಮೊ ಊರಿನಾಚೆಯ ಕಾಡಿನಲ್ಲಿ ಗಾಲಿಕುರ್ಚಿಯವರಿಗೆಂದು ಹಲಗೆಯ ಹಾದಿ ಮಾಡುತ್ತಾರೆಂದು ತಿಳಿದಾಗ ಎಲ್ಲರಿಗಿಂತ ಮೊದಲು ಕೂಗಾಡಿದವನು ಔಲಿಸ್. ಅವನ ಸಂಕಟ ಬೇರೆಯೇ ಇತ್ತು. ಹಾದಿಯ ಒಂದು ತಿರುವು, ವರ್ಷವರ್ಷವೂ ಹಳದಿ ಅಣಬೆ ಏಳುವ ಅವನ ಗುಟ್ಟಿನ ಜಾಗಕ್ಕೆ ಕೂಗಳತೆಯಲ್ಲೇ ಬರುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಜಾಗವೇ ಹೋಯಿತು. ಹಕ್ಕಿಗಳಿಗೆ ತೊಂದರೆಯಾಗುತ್ತದೆಂದು ಸಭೆಯಲ್ಲಿ ವಾದಿಸಿ ನಗೆಪಾಟಲಾಗಿದ್ದ. ಈಗ ಅದೇ ಹಲಗೆಯ ಮೇಲೆ ಅವನದೇ ಕುರ್ಚಿಯ ಗಾಲಿಗಳು ಗಡಗಡ ಸದ್ದು ಮಾಡುತ್ತಿದ್ದವು.

ಕಾಯಿಲೆ ಮೊದಲು ಕಾಲು ತಿಂದಿತ್ತು, ಆಮೇಲೆ ಎಡಗೈ. ಬಲಗೈಯ ಎರಡು ಬೆರಳು ಮಾತ್ರ ಇನ್ನೂ ಹೇಳಿದ ಮಾತು ಕೇಳುತ್ತಿದ್ದವು. ಅವುಗಳಿಂದಲೇ ಪುಟ್ಟ ಹಿಡಿಯನ್ನು ಒತ್ತಿ ಮೋಟಾರು ನಡೆಸುತ್ತಿದ್ದ. ಈ ಬೇಸಿಗೆಯಿಂದ ನಾಲಿಗೆಯೂ ತೊದಲುತ್ತಿತ್ತು. ಬರುವ ವರ್ಷಕ್ಕೆ ಮಾತು ಉಳಿಯುವುದಿಲ್ಲವೆಂದು ಡಾಕ್ಟರು ಅವನ ಮುಖ ನೋಡದೆ ಹೇಳಿದ್ದರು. ನಾಲಿಗೆ ಇರುವಾಗಲೇ ಆ ಜಾಗವನ್ನು ಮಗಳು ಸೈಲಾಳಿಗೆ ಹೇಳಿಬಿಡಬೇಕು, ಅವನಿಗೆ ಉಳಿದಿದ್ದ ಆಸೆ ಅದೊಂದೇ.

ಸೈಲಾ ಕೇಳಲೊಲ್ಲಳು. ಅದಕ್ಕೂ ಕಾರಣವಿತ್ತು. ನಮ್ಮ ಫಿನ್ಲೆಂಡಿನ ಜನ ಮನೆಯ ಬೀಗದ ಕೈ ಬೇಕಾದರೆ ಕೊಟ್ಟಾರು, ಅಣಬೆಯ ಜಾಗ ಹೇಳಲಾರರು. ಹೆತ್ತ ಮಕ್ಕಳಿಗೂ ಹೇಳುವುದು ಸಾಯುವ ಮುಂಚೆ, ಕಿವಿಯಲ್ಲಿ. ಔಲಿಸನ ತಾಯಿ ಹಾಗೆಯೇ ಆಸ್ಪತ್ರೆಯಲ್ಲಿ ಅವನನ್ನು ಹತ್ತಿರ ಕರೆದು ಹೇಳಿದಳು, ಅದೇ ವಾರ ಕಣ್ಣು ಮುಚ್ಚಿದಳು. ಅಪ್ಪ "ಜಾಗ" ಎಂದು ಶುರುಮಾಡಿದರೆ ಸಾಕು, ನಲವತ್ತು ದಾಟಿದ ಸೈಲಾ ಸಣ್ಣ ಹುಡುಗಿಯ ಹಾಗೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಅಂದೂ ಆ ತಿರುವಿನ ಹತ್ತಿರ ಔಲಿಸ್ ಬಾಯಿ ತೆರೆದ.

"ಸೈಲಾ, ಇಲ್ಲಿಂದ ಸೀದಾ..."

"ಕಾಫಿ ಕುಡೀತೀಯಾ ಅಪ್ಪ? ಫ್ಲಾಸ್ಕಲ್ಲಿ ಇನ್ನೂ ಬಿಸಿ ಇದೆ."

"ಕಾಫಿ ಮನೇಲಿ ಕುಡಿಯೋಣ. ಕೇಳೇ ಇಲ್ಲಿ."

"ಮುಂದಿನ ವರ್ಷ ಹೇಳುವಿಯಂತೆ ಬಿಡು. ಏನವಸರ?"

"ಮುಂದಿನ ವರ್ಷ ನಾನು ಬರೀ ಬ್ಯಾ ಬ್ಯಾ ಅಂತೀನಿ. ಆಗ ದನದ ಡಾಕ್ಟ್ರನ್ನ ಕರ್ಕೊಂಡ್ ಬಾ, ಅವ್ರು ಅರ್ಥ ಹೇಳ್ತಾರೆ."

ಅವಳು ನಗಲಿಲ್ಲ. ಕೈಗಳು ಕಿವಿಯತ್ತ ಹೋದವು.

ಔಲಿಸನಿಗೆ ರೇಗಿತು. ಹಲಗೆಯ ಎರಡೂ ಅಂಚಿಗೆ ಮರದ ಪಟ್ಟಿಯ ತಡೆಯಿತ್ತು. ತಿರುವಿನಲ್ಲಿ ಹಲಗೆ ಮುಗಿದು ಜಲ್ಲಿ ಹಾದಿ ಶುರುವಾಗುವಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ಹಿಡಿಯನ್ನು ಎಡಕ್ಕೆ ಒತ್ತಿದ. ಕುರ್ಚಿ ಹಾದಿ ಬಿಟ್ಟು ಬ್ಲೂಬೆರಿ ಪೊದೆಗಳ ಮೇಲೆ ನುಗ್ಗಿ ಒಂದು ಬೇರು ಹತ್ತಿತು, ಎಡಗಾಲಿ ಪಾಚಿಯಲ್ಲಿ ಹೂತು ಇಡೀ ಕುರ್ಚಿ ವಾಲಿತು. ಸೈಲಾ ಚೀರಿಕೊಂಡು ಓಡಿಬಂದು ಹಿಂದಿನ ಹಿಡಿಕೆಗಳನ್ನು ಬಿಗಿಯಾಗಿ ಹಿಡಿದಳು.

"ತಲೆ ಕೆಟ್ಟಿದ್ಯಾ ನಿಂಗೆ? ಬಿದ್ದಿದ್ರೆ?"

"ನೀನು ಹಿಡ್ಕೊಂಡಿರೋವರ್ಗೂ ಬೀಳಲ್ಲ. ಕೈ ಬಿಟ್ರೆ ಬೀಳ್ತೀನಿ." ಔಲಿಸ್ ಉಸಿರು ಎಳೆದುಕೊಂಡ. "ಈಗ ಕಿವಿ ಹೇಗೆ ಮುಚ್ಚೀಯೋ ನೋಡೋಣ."

"ಬೇಡಪ್ಪ. ದಮ್ಮಯ್ಯ ಅಂತೀನಿ, ಹೇಳ್ಬೇಡ."

ಅವನು ಹೇಳಿದ. ಸೀಳಿದ ಬಂಡೆ, ಅದರ ಬೆನ್ನಿಗೆ ಸಣ್ಣ ತೊರೆ, ತೊರೆಯಾಚೆ ಉರುಳಿಬಿದ್ದ ಬರ್ಚ್ ಮರ, ಅದರ ಕೆಳಗಿನ ಇಳಿಜಾರು. ತೊದಲಿದ ಮಾತನ್ನು ಬಿಡದೆ, ಸ್ಪಷ್ಟವಾಗುವವರೆಗೂ ಮತ್ತೆ ಮತ್ತೆ ಹೇಳಿದ. ಬೆನ್ನ ಹಿಂದೆ ಸೈಲಾ ಅಳುತ್ತಿದ್ದಳು. ಅವಳ ಕಣ್ಣೀರು ತನ್ನ ಕತ್ತಿನ ಮೇಲೆ ಬೀಳುತ್ತಿದ್ದರೂ ಅವನು ನಿಲ್ಲಿಸಲಿಲ್ಲ.

ಮಾತು ಮುಗಿದ ಮೇಲೆ ಅವಳು ಕಾಲಿನಿಂದಲೇ ಒಣ ಕೊಂಬೆಯೊಂದನ್ನು ಗಾಲಿಯಡಿ ತಳ್ಳಿ, ಕುರ್ಚಿಯನ್ನು ಹಿಂದಕ್ಕೆಳೆದು ಜಲ್ಲಿಯ ಮೇಲೆ ನಿಲ್ಲಿಸಿದಳು. ಮುಖ ಒರೆಸಿಕೊಂಡು ಬಂಡೆಯ ಕಡೆ ನಡೆದಳು. ತಿರುಗಿ ಬಂದಾಗ ಮೊಣಕಾಲು ಒದ್ದೆಯಾಗಿತ್ತು, ಕೈಯಲ್ಲಿದ್ದ ಟೋಪಿಯ ತುಂಬ ಹಳದಿ ಅಣಬೆಗಳಿದ್ದವು. ಅದನ್ನು ಅಪ್ಪನ ತೊಡೆಯ ಮೇಲಿದ್ದ ಕಂಬಳಿಯಡಿ ಇಟ್ಟಳು.

ಅಷ್ಟರಲ್ಲಿ ಎದುರು ಮನೆಯ ಲೆಂಪಿ ಬುಟ್ಟಿ ತೂಗಾಡಿಸುತ್ತ ಬಂದಳು.

"ಓಹೋ, ಅಪ್ಪ ಮಗಳ ಸವಾರಿ! ಈ ಕಡೆ ಅಣಬೆ ಏನಾದ್ರೂ ಕಂಡ್ವೇನ್ರೋ?"

ಔಲಿಸನ ನಾಲಿಗೆ ಹೊರಳುವುದರೊಳಗೆ ಸೈಲಾ ಉತ್ತರ ಕೊಟ್ಟಳು.

"ಎಲ್ಲಿ ಬಂತು ಲೆಂಪಿ ಅಕ್ಕ, ಒಂದೂ ಇಲ್ಲ. ಈ ವರ್ಷ ಕಾಡೆಲ್ಲ ಬರಿದು. ಮುಖಕ್ಕೆ ಅಂಟೋ ಜೇಡರ ಬಲೆ ಬೇಕಾದ್ರೆ ಬುಟ್ಟಿ ತುಂಬ ಸಿಗುತ್ತೆ."

ಹೇಳುವಾಗ ಕಣ್ಣು ಮಿಟುಕಿಸಲಿಲ್ಲ. ಸ್ವಂತ ಜಾಗ ಇದ್ದವರಿಗಷ್ಟೇ ಬರುವ ಸುಳ್ಳು ಅದು. ಲೆಂಪಿ ಅವಳ ಒದ್ದೆ ಮೊಣಕಾಲನ್ನೊಮ್ಮೆ ನೋಡಿ, ಅರೆಮನಸ್ಸಿನಿಂದ ಬೇರೆ ದಿಕ್ಕಿಗೆ ಹೊರಟಳು.

ಜಾಗ ಈಗ ಸೈಲಾಳದು. ಔಲಿಸ್ ಬಯಸಿದ್ದು ಅದನ್ನೇ. ಇಷ್ಟು ದಿನ ಮಗಳ ಹಟದ ಜೊತೆ ಗುದ್ದಾಡುವುದರಲ್ಲಿ ಸಾವಿಗೆ ಹೆದರಲು ಅವನಿಗೆ ಪುರುಸೊತ್ತೇ ಇರಲಿಲ್ಲ. ಆ ಸಾವನ್ನು ಅವಳು ಒಪ್ಪಿಕೊಂಡಾಯಿತು. ಇನ್ನು ಒಪ್ಪಿಕೊಳ್ಳಬೇಕಾದವನು ಅವನೊಬ್ಬನೇ.

"ಹೋಗೋಣ್ವಾ ಅಪ್ಪ?"

"ಸ್ವಲ್ಪ ತಡಿಯೇ," ಎಂದ. "ನಂಗೆ ಭಯ ಆಗ್ತಿದೆ."

ಸೈಲಾ ಜಲ್ಲಿಯ ಮೇಲೆ ಅವನ ಪಕ್ಕ ಕೂತು ಕೈ ಹಿಡಿದುಕೊಂಡಳು.

"ನಂಗೂ," ಅಂದಳು.