ಬುತ್ತಿ ಹಳಸದಷ್ಟು ದೂರ

ಕಟ್ಟಿದ ಬುತ್ತಿ ಹಳಸುವ ಮುಂಚೆ ತಲುಪುವ ಊರಿಗೇ ಹೆಣ್ಣು ಕೊಡಬೇಕು ಎಂಬುದು ನಂಗಲಿಯ ಕೋದಂಡರಾಮಪ್ಪನ ಮನೆತನದ ಕಟ್ಟಳೆ. ಅವನ ಅಕ್ಕಂದಿರನ್ನೆಲ್ಲ ಹಾಗೆಯೇ ಸುತ್ತಮುತ್ತ ಕೊಟ್ಟಿದ್ದರು. ಈಗ ಮಗಳು ಧನಶ್ರೀಯ ಸರದಿ. ಮದುವೆ ಬ್ರೋಕರ್ ಮುನಿಕೃಷ್ಣಪ್ಪ ಎರಡು ಸಂಬಂಧ ತಂದಿದ್ದ. ಒಬ್ಬ ಟೇಕಲ್‌ನವನು, ರೇಷ್ಮೆ ಹುಳ ಸಾಕುವ ಮನೆಯವನು. ಇನ್ನೊಬ್ಬ ದುಬೈನಲ್ಲಿ ಕ್ರೇನ್ ಓಡಿಸುವವನು. ದುಬೈ ಅಳಿಯ ಎಂದು ಟೀ ಅಂಗಡಿಯಲ್ಲಿ ಹೇಳಿಕೊಳ್ಳುವ ಸುಖವೇ ಬೇರೆ. ಕೋದಂಡರಾಮಪ್ಪನ ಮನಸ್ಸು ಆಗಲೇ ಹಾರಿಹೋಗಿತ್ತು. ಅಡ್ಡ ಬಂದದ್ದು ಆ ಹಾಳು ಬುತ್ತಿ ಒಂದೇ.

ಆಸೆ ಹತ್ತಿದವನಿಗೆ ಲೆಕ್ಕವೂ ತಾನಾಗಿ ಒಲಿದು ಬರುತ್ತದೆ. ಅವನು ಹಜಾರದಲ್ಲಿ ಕೂತು ಫೋನ್ ನೋಡಿಕೊಂಡು ಎಲ್ಲರಿಗೂ ಕೇಳುವಂತೆ ಓದಿದ.

“ಬೆಂಗ್ಳೂರಿಂದ ದುಬೈ ಎರಡು ಸಾವಿರದ ಏಳ್ನೂರು ಕಿಲೋಮೀಟ್ರು. ವಿಮಾನಕ್ಕೆ ನಾಲ್ಕೇ ಗಂಟೆ. ಅದೇ ಟೇಕಲ್‌ಗೆ? ಇಲ್ಲಿಂದ ಮುಳಬಾಗ್ಲು, ಅಲ್ಲಿಂದ ಕೋಲಾರ, ಆಮೇಲೆ ಮಾಲೂರು, ಆಮೇಲೆ ಟೇಕಲ್. ಬಸ್ಸು ಕಾದೂ ಕಾದೂ ಐದು ಗಂಟೆ. ಈಗ ಹೇಳಿ, ಯಾವ್ದು ಹತ್ರ?”

“ಸರಿಪೋಯಿಂದಿ”, ಲೆಕ್ಕ ಸರಿಹೋಯಿತು ಎಂದು ಮುನಿಕೃಷ್ಣಪ್ಪ ತೆಲುಗಿನಲ್ಲಿ ತಲೆದೂಗಿದ. ಯಾವ ಸಂಬಂಧ ಕುದುರಿದರೂ ಕಮಿಷನ್ ಸಿಗುವವನಿಗೆ ಎರಡು ಊರೂ ಹತ್ತಿರವೇ.

ನಂಗಲಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ಹೊತ್ತು, ಅಲ್ಲಿ ಸಾಲಿನಲ್ಲಿ ನಿಲ್ಲುವ ಹೊತ್ತು ಈ ಲೆಕ್ಕದಲ್ಲಿ ಇರಲಿಲ್ಲ. ಸಾಲದ್ದಕ್ಕೆ, ದುಬೈ ಗಡಿಯಾರ ಒಂದೂವರೆ ಗಂಟೆ ಹಿಂದೆ ಇರುವುದರಿಂದ ಹತ್ತಕ್ಕೆ ಹೊರಟರೆ ಹನ್ನೆರಡೂವರೆಗೆಲ್ಲ ಮುಟ್ಟಬಹುದು ಎಂದೂ ಕೋದಂಡರಾಮಪ್ಪ ಸೇರಿಸಿದ. ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ದುಬೈಯನ್ನು ಮುಳಬಾಗಿಲಿನ ಈಚೆಗೇ ತಂದು ಕೂರಿಸುತ್ತಿದ್ದ.

ಅವನ ಹೆಂಡತಿ ಭಾರತಮ್ಮ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. “ನಮ್ ಶ್ರೀನಿವಾಸಪುರ ಎಷ್ಟು ದೂರ ಐತೆ, ಅದನ್ನೂ ನೋಡಿ.”

“ನಿನ್ ತವರಿನ ದೂರಕ್ಕೆ ಫೋನ್ ಯಾಕೆ ನೋಡ್ಬೇಕು? ಒಂದೂವರೆ ಗಂಟೆ.”

“ನಮ್ಮಮ್ಮ ಹಾಸಿಗೆ ಹಿಡಿದಾಗ ಆ ಒಂದೂವರೆ ಗಂಟೆ ದಾರಿಗೆ ನಾನು ಹೊರಟಿದ್ದು ತಿಂಗಳಾದ್ಮೇಲೆ. ಟೊಮೇಟೊ ಯಾರು ಕೀಳ್ತಾರೆ, ಹಸು ಯಾರು ಕರೀತಾರೆ ಅಂದ್ರಿ. ನಾನು ಹೋಗೋ ಹೊತ್ಗೆ ಅಮ್ಮ ಇರ್ಲಿಲ್ಲ.”

ಕೋದಂಡರಾಮಪ್ಪನಿಗೆ ನಾಚಿಕೆಯಾಯಿತು, ನಿಜಕ್ಕೂ ಆಯಿತು. ಆದರೆ ಹೊರಗಿನವನ ಎದುರು ನಾಚಿಕೆಪಟ್ಟು ಅಭ್ಯಾಸವಿಲ್ಲದ್ದರಿಂದ ಫೋನಿನ ಗಾಜನ್ನು ಪಂಚೆಯ ಅಂಚಿನಿಂದ ಒರೆಸತೊಡಗಿದ.

ಧನಶ್ರೀ ಮುಳಬಾಗಿಲಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತನ್ನದೇ ಮದುವೆಯ ಮಾತಾದರೂ ಅಲ್ಲಿಯವರೆಗೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಅವಳೇ ಒಳಗಿನಿಂದ ಬ್ರೋಕರ್ ಮುಂದೆ ಬಂದು ನಿಂತಳು.

“ಇಬ್ಬರಿಗೂ ಫೋನ್ ಮಾಡಣ್ಣ. ಅಮ್ಮಂಗೆ ಹುಷಾರಿಲ್ಲ ಅಂದ್ರೆ ನನ್ನ ಅವತ್ತೇ ಕಳಿಸ್ತಾರಾ, ಅಷ್ಟು ಕೇಳು.”

ಮುನಿಕೃಷ್ಣಪ್ಪ ಒಲ್ಲದ ಮನಸ್ಸಿನಿಂದ ಸ್ಪೀಕರ್ ಹಾಕಿ ಮೊದಲು ದುಬೈಗೆ ಮಾಡಿದ. ಹುಡುಗ ಮರ್ಯಾದಸ್ಥ, ನಯವಾಗಿ ಮಾತಾಡಿದ. “ನಂಗೆ ಎರಡು ವರ್ಷಕ್ಕೊಂದ್ಸಲ ರಜಾ. ಆಗ ಇಬ್ರೂ ಒಟ್ಟಿಗೇ ಬಂದು ನೋಡ್ಕೊಂಡು ಹೋಗ್ತೀವಿ.”

ಆಮೇಲೆ ಟೇಕಲ್‌ನವನಿಗೆ ಮಾಡಿದ. “ಮನೇಲಿ ಹುಳ ಇದ್ದಾಗ ಕಷ್ಟ. ಬೇರೆ ದಿನ ಆದ್ರೆ, ನಮ್ಮಮ್ಮನ್ನ ಕೇಳಿ ಹೇಳ್ತೀನಿ.”

ಕೋದಂಡರಾಮಪ್ಪ ಮಗಳ ಮುಖ ನೋಡಿದ.

“ಎರಡೂ ದೂರಾನೇ” ಎಂದಳು ಧನಶ್ರೀ. “ಹತ್ರದ್ದು ಹುಡುಕಪ್ಪ.”